ಮಾಂಡವಿಗೆ ಹೊರಡುವ ಮೊದಲು ಬರೆದ ಲೆಕ್ಕ

ದೀಪಾವಳಿ ಮುಗಿದ ವಾರ ಮೈದುನ ಧಾರವಾಡದ ನಮ್ಮ ಮನೆಗೆ ಬಂದ. ಡಿಸೆಂಬರಿನ ಹೊತ್ತಿಗೆ ಗೆಳೆಯರ ಜೊತೆ ಮತ್ತೊಮ್ಮೆ ಗೋವಾಕ್ಕೆ ಹೋಗುವುದಾಗಿ ಅವನು ಹೇಳಿದಾಗ, ಅಡುಗೆಮನೆಯಲ್ಲಿದ್ದ ನನ್ನ ನೆಗೆಣ್ಣಿ ಕೈಯಲ್ಲಿನ ಸೌಟು ಸಹಿತ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಹಿಂದಿನ ವರ್ಷ ಅದೇ ಗೆಳೆಯರ ಜೊತೆ ಹೋಗಿ, ಪಣಜಿಯ ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗೊಂದರ ಜೂಜಿನಲ್ಲಿ ಒಂದೇ ರಾತ್ರಿಗೆ 60,000 ರೂಪಾಯಿ ಕಳೆದು ಬಂದಿದ್ದ. ಆ ಗುಂಡಿ ಮುಚ್ಚಲು ಹೆಂಡತಿಯ ಪಾಟ್ಲಿ ಬಳೆಗಳನ್ನು ಅಡವಿಟ್ಟಿದ್ದ. ತಂಗಿಯ ಮದುವೆಗೆ ಹೊರಡುವ ದಿನ ಕಪಾಟಿನಲ್ಲಿ ಪಾಟ್ಲಿ ಸಿಗದೆ ಅವಳು ಅತ್ತಾಗಲೇ ನಮಗೆಲ್ಲ ವಿಷಯ ಗೊತ್ತಾದದ್ದು.

"ಈ ಸಲ ಕಳೆದದ್ದನ್ನು ತಂದುಬಿಡುತ್ತೇನೆ ವೈನಿ" ಎಂದ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅವನಿಗೆ ಬೈಯುವ ಬದಲು ಒಂದು ನೋಟ್‌ಬುಕ್ ತಂದು ಎದುರಿಗಿಟ್ಟೆ. ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಪಣ ಕಟ್ಟುವ ಆಟ. ಆ ಚಕ್ರದಲ್ಲಿ 37 ಮನೆಗಳು: ಕೆಂಪು 18, ಕಪ್ಪು 18, ಹಸಿರು ಸೊನ್ನೆ ಒಂದು. ಕೆಂಪಿನ ಮೇಲೆ ಪಣ ಕಟ್ಟಿದರೆ ಗೆಲ್ಲುವುದು 37ರಲ್ಲಿ 18 ಸಲ, ಸೋಲುವುದು 19 ಸಲ. ಆ ಒಂದೇ ಒಂದು ಹಸಿರು ಮನೆಯಿಂದ ಹಡಗಿನವರಿಗೆ ಪ್ರತಿ ನೂರಕ್ಕೆ ಎರಡು ರೂಪಾಯಿ ಎಪ್ಪತ್ತು ಪೈಸೆ ಉಳಿಯುತ್ತದೆ. ಕೇಳಲು ಬಹಳ ಚಿಕ್ಕದು. ಆದರೆ ಕೈಯಲ್ಲಿ 10,000 ಇಟ್ಟುಕೊಂಡು, ಸುತ್ತಿಗೆ 500ರಂತೆ ಆಡುತ್ತ, ಎಲ್ಲ ಮುಗಿಯುವ ಮೊದಲು 20,000 ಮುಟ್ಟುವ ಸಾಧ್ಯತೆ ಕೇವಲ ನಾಲ್ಕರಲ್ಲಿ ಒಂದು. ಅದೇ 10,000ವನ್ನು 70,000 ಮಾಡಿ, ಬಂಡವಾಳ ಕಳೆದು 60,000 ಮನೆಗೆ ತರುವ ಸಾಧ್ಯತೆಯನ್ನು ಲೆಕ್ಕ ಹಾಕಿ ತೋರಿಸಿದೆ. ಸಾವಿರದಲ್ಲಿ ಒಂದು.

ಅವನು ಬುದ್ಧಿವಂತ. "ಹಾಗಾದರೆ ಪೂರ್ತಿ ಹತ್ತು ಸಾವಿರವನ್ನು ಒಂದೇ ಸಲ ಕಟ್ಟುತ್ತೇನೆ. ಮೂರು ಸಲ ಒಂದರ ಹಿಂದೊಂದು ಗೆದ್ದರೆ ಎಂಬತ್ತು ಸಾವಿರ" ಎಂದ. ಅದೂ ನಿಜವೇ. ಹಾಗೆ ಮಾಡಿದರೆ ಸಾಧ್ಯತೆ ಸುಮಾರು ಒಂಬತ್ತರಲ್ಲಿ ಒಂದಕ್ಕೆ ಏರುತ್ತದೆ. ಉಳಿದ ಎಂಟು ಸಲ ಬರಿಗೈ, ಅದೂ ಕೆಲವೇ ನಿಮಿಷಗಳಲ್ಲಿ. ಎರಡು ಲೆಕ್ಕಗಳನ್ನೂ ಅಕ್ಕಪಕ್ಕ ಬರೆದು, "ಇದರಲ್ಲಿ ಯಾವುದನ್ನು ನಿನ್ನ ಗುರಿ ಎನ್ನುತ್ತೀಯ?" ಎಂದು ಕೇಳಿದೆ. ಬಹಳ ಹೊತ್ತು ಪುಟ ನೋಡುತ್ತ ಕುಳಿತ.

ಆಮೇಲೆ ಮಾತನಾಡಿದವಳು ನೆಗೆಣ್ಣಿ. "ನನ್ನ ಪಾಟ್ಲಿ ಯಾವ ಮೇಜಿನ ಮೇಲೆ ಕರಗಿತು ಎಂದು ಒಮ್ಮೆ ಕಣ್ಣಾರೆ ನೋಡಬೇಕು. ಹೋಗುವುದಾದರೆ ನಾಲ್ವರೂ ಹೋಗೋಣ" ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ಕಳೆದುಕೊಂಡವನನ್ನು ಮತ್ತೆ ಅಲ್ಲಿಗೆ ಕರೆದೊಯ್ಯುವುದು ಸರಿಯೇ? ಅವನು ಮತ್ತೆ ಮತ್ತೆ ಹೋಗುತ್ತಿದ್ದರೆ, ಸಾಲ ಮಾಡಿ ಆಡುತ್ತಿದ್ದರೆ, ನಾನು ಖಂಡಿತ ಒಪ್ಪುತ್ತಿರಲಿಲ್ಲ. ಅಂಥವರು ಗುರಿ ಬರೆದುಕೊಂಡು ಹೋಗುವುದಲ್ಲ, ಹೋಗುವುದನ್ನೇ ಬಿಡಬೇಕು. ಅವನು ಹೋದದ್ದು ಒಂದೇ ಸಲ, ಕಳೆದದ್ದೂ ಒಂದೇ ಸಲ. ಆದರೂ ಒಂದು ಮಾತು ತೆಗೆದುಕೊಂಡೆ: ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ, ಊರಿಗೆ ಮರಳಿದ ಮರುದಿನವೇ ನಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಆಪ್ತಸಮಾಲೋಚಕರನ್ನು ಕಾಣಬೇಕು. ಹಗಲೂ ರಾತ್ರಿಯೂ ಸಿಗುವ ಮಾನಸಿಕ ಆರೋಗ್ಯದ ಟೆಲಿ-ಮನಸ್ ಸಹಾಯವಾಣಿ 14416ನ್ನು ಅವನ ಮೊಬೈಲಿನಲ್ಲಿ ಅವನ ಕೈಯಿಂದಲೇ ಬರೆಸಿಟ್ಟೆ.

ನೋಟ್‌ಬುಕ್ಕಿನಲ್ಲಿ "60,000 ತರುವುದು" ಎಂಬ ಸಾಲನ್ನು ಅವನೇ ಹೊಡೆದು ಹಾಕಿದ. ಅದರ ಕೆಳಗೆ ನಾಲ್ವರೂ ಸೇರಿ ಬರೆದದ್ದು ಇಷ್ಟು: ತಲೆಗೆ 5,000 ರೂಪಾಯಿ, ಬೇರೆ ಬೇರೆ ಲಕೋಟೆಯಲ್ಲಿ. ಈ ಹಣ ಹೊರಡುವ ದಿನವೇ ಖರ್ಚಾಯಿತೆಂದು ಮನೆ ಲೆಕ್ಕಕ್ಕೆ ಬರೆಯುವುದು. ಮೂರು ದಿನದಲ್ಲಿ ಒಂದೇ ರಾತ್ರಿ ಹಡಗು, ಎಂಟರಿಂದ ಹನ್ನೊಂದರವರೆಗೆ. ಯಾರ ಲಕೋಟೆ ಖಾಲಿಯಾದರೂ ಇನ್ನೊಬ್ಬರದನ್ನು ಕೇಳುವಂತಿಲ್ಲ. ಬ್ಯಾಂಕ್ ಕಾರ್ಡುಗಳು ಕೋಣೆಯಲ್ಲೇ ಉಳಿಯಬೇಕು.

ಈ ಪಟ್ಟಿ ಪೂರ್ಣವಾಗಿದೆ ಎಂದೇ ನಾನು ನಂಬಿದ್ದೆ.

ಮೊದಲ ದಿನ: ಅನಮೋಡದ ದಾರಿ

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ವಾರದ ಮಧ್ಯೆ ಹಡಗಿನ ಪ್ರವೇಶ ದರವೂ ಮೇಜಿನ ಕನಿಷ್ಠ ಪಣವೂ ಇಳಿದಿರುತ್ತವೆ ಎಂದು ತಿಳಿದು, ನಾನು ಸೋಮವಾರ, ಮಂಗಳವಾರ ರಜೆ ಹಾಕಿದ್ದೆ. ಅಳ್ನಾವರ ದಾಟುತ್ತಿದ್ದಂತೆ ಕಾಡು ಎರಡೂ ಕಡೆಯಿಂದ ರಸ್ತೆಯ ಹತ್ತಿರ ಬಂತು. ತೇಗದ ಎಲೆಗಳಿಂದ ಮಂಜು ಹನಿಹನಿಯಾಗಿ ಗಾಜಿನ ಮೇಲೆ ಬೀಳುತ್ತಿತ್ತು. ಲೋಂಡಾದ ಹತ್ತಿರ ಗಾಡಿ ನಿಲ್ಲಿಸಿ, ಡಬ್ಬಿಯಲ್ಲಿ ತಂದಿದ್ದ ಚಪಾತಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು.

ಅಲ್ಲಿ ಕುಳಿತಾಗ ನಮ್ಮ ಮನೆಯವರು ಪಂಚಮಿಯ ನೆನಪು ತೆಗೆದರು. ನಮ್ಮ ಕಡೆ ನಾಗರ ಪಂಚಮಿಗೆ ನಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಾರೆ. ಇಷ್ಟು ಒಗೆತಕ್ಕೆ ಪಕ್ಕದ ಊರಿನ ಅಗಸಿ ಮುಟ್ಟಿಸುತ್ತೇನೆ ಎಂದು ಒಬ್ಬ, ಆಗುವುದಿಲ್ಲ ಎಂದು ಇನ್ನೊಬ್ಬ. ನಮ್ಮ ಮಾವನವರು ತಮ್ಮ ಹರೆಯದಲ್ಲಿ ಹಾಗೆ ಗೆದ್ದು ಕೊಬ್ಬರಿ ಬಟ್ಟಲು ತಂದಿದ್ದರಂತೆ. "ಅದೂ ಪಂದ್ಯವೇ ಅಲ್ಲವೇ?" ಎಂದು ಮೈದುನ ಕೇಳಿದ. ಹೌದು, ಪಂದ್ಯವೇ. ಆದರೆ ಅಲ್ಲಿ ಒಗೆಯುವವನಿಗೆ ತನ್ನ ರಟ್ಟೆಯ ಬಲ ಗೊತ್ತು, ಎದುರಿಗಿನ ದಾರಿ ಕಾಣುತ್ತದೆ. ನಿನ್ನೆಗಿಂತ ಇಂದು ದೂರ ಒಗೆಯಲು ಅಭ್ಯಾಸವನ್ನೂ ಮಾಡಬಹುದು. ಚಕ್ರದ ಮುಂದೆ ಕುಳಿತವನಿಗೆ ಅಂಥ ಯಾವ ದಾರಿಯೂ ಇಲ್ಲ. ಎಷ್ಟು ಹಣ ತರಬೇಕು, ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು ಎಂಬ ಮೂರೇ ಸಂಗತಿಗಳು ಅವನ ಕೈಯಲ್ಲಿರುವುದು. ಗುರಿ ಇಡುವುದಿದ್ದರೆ ಆ ಮೂರರ ಮೇಲೆಯೇ ಇಡಬೇಕು ಎಂದು ನಾನು ಹೇಳಿದ್ದು, ಲೋಂಡಾದ ಆ ಮರದ ನೆರಳಿನಲ್ಲಿ ಅವನಿಗೆ ಮೊದಲ ಸಲ ನಾಟಿತು ಎಂದು ನನಗೆ ಅನಿಸುತ್ತದೆ.

ರಾಮನಗರ ಮುಟ್ಟುವಷ್ಟರಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಸೂಪಾ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಕುಟುಂಬಗಳು ಬಂದು ನೆಲೆಸಿದ ಊರು ಇದು. ಪಂಕ್ಚರ್ ಅಂಗಡಿಯ ಹಿರಿಯರೂ ಅಂಥ ಕುಟುಂಬದವರೇ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ನೆಗೆಣ್ಣಿ ಮುಚ್ಚುಮರೆ ಇಲ್ಲದೆ ಹೇಳಿದಳು. ಅವರು ತಲೆ ಎತ್ತದೆಯೇ, "ಹೋಗುವಾಗ ಈ ದಾರಿಯ ಗಾಡಿಯವರು ಕೂಲಿ ಎಷ್ಟೆಂದು ಕೇಳುವುದಿಲ್ಲ ತಾಯಿ, ನೋಟು ಕೊಟ್ಟು ಹೋಗುತ್ತಾರೆ. ಬರುವಾಗ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಒಬ್ಬ ಹುಡುಗ ಡೀಸೆಲ್ಲಿಗೆ ದುಡ್ಡಿಲ್ಲದೆ ಕೈಗಡಿಯಾರ ಬಿಚ್ಚಿ ಕೊಡಲು ಬಂದಿದ್ದ. ಗಡಿಯಾರ ಬೇಡ ಎಂದು ಹಾಗೆಯೇ ಕೊಟ್ಟು ಕಳಿಸಿದೆ" ಎಂದರು. ಮರಳುವ ದಾರಿಯ ಡೀಸೆಲ್, ಊಟ, ಟೋಲಿನ ಹಣವನ್ನು ಬೇರೆಯೇ ಕಟ್ಟಿಡಬೇಕು ಎಂಬುದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅವರ ಅಂಗಡಿಯ ಬೆಂಚಿನ ಮೇಲೆಯೇ 3,000 ರೂಪಾಯಿ ಎಣಿಸಿ ಡ್ಯಾಶ್‌ಬೋರ್ಡಿನ ಗೂಡಿಗೆ ಹಾಕಿ ಬೀಗ ಹಾಕಿದೆವು.

ಅನಮೋಡ ಘಟ್ಟವನ್ನು ಹಗಲಲ್ಲೇ ಇಳಿಯಬೇಕು. ಕತ್ತಲಾದರೆ ಭಾರದ ಲಾರಿಗಳ ಹಿಂದೆ ತಿರುವಿನಿಂದ ತಿರುವಿಗೆ ತೆವಳಬೇಕಾಗುತ್ತದೆ. ಇಳಿಯುವಾಗ ರಸ್ತೆಯ ಅಂಚಿನಲ್ಲಿ ಗುಂಪು ಗುಂಪಾಗಿ ನಡೆದು ಹೋಗುವ ಜನ ಕಂಡರು. ಕೊರಳಲ್ಲಿ ಜಪಮಾಲೆ, ಹೆಗಲಿಗೆ ಸಣ್ಣ ಚೀಲ, ಕೆಲವರ ಪಾದಕ್ಕೆ ಪಟ್ಟಿ. ಖಾನಾಪುರದ ಕಡೆಯಿಂದ ಹಳೆ ಗೋವಾಕ್ಕೆ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಹೊರಟವರು. ಕಿತ್ತಳೆ ಹಣ್ಣು ಕೊಡಲು ನಿಲ್ಲಿಸಿದಾಗ ಒಬ್ಬ ಅಜ್ಜಿ, ದಿನಕ್ಕೆ ಎಷ್ಟು ನಡೆಯಬೇಕು, ಎಲ್ಲಿ ಮಲಗಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ ಎಂದರು. "ಕಾಲು ಚೆನ್ನಾಗಿದೆ ಎಂದು ಒಂದು ದಿನ ಹೆಚ್ಚು ನಡೆದರೆ ಮರುದಿನ ಏಳಲು ಆಗುವುದಿಲ್ಲ ಮಗಳೇ." ಮರುದಿನ ರಾತ್ರಿ ಈ ಮಾತು ನನಗೆ ಮತ್ತೆ ನೆನಪಾಯಿತು.

ಪಣಜಿಯಲ್ಲಿ ನಮ್ಮ ಕೋಣೆ ಹಳೆಯ ಪೋರ್ಚುಗೀಸ್ ಮನೆಗಳ ಬೀದಿಯಲ್ಲಿತ್ತು. ಸಂಜೆ ಹಡಗಿನ ಕಡೆ ಹೋಗದೆ ನದಿಯಾಚೆಯ ಬೇತಿಮ್‌ಗೆ ಹೋಗುವ ಫೆರಿ ಹತ್ತಿದೆವು. ನಡೆದು ಬರುವವರಿಗೆ ಅದರಲ್ಲಿ ಟಿಕೆಟ್ ಇಲ್ಲ. ಕತ್ತಲಾಗುತ್ತ ಕ್ಯಾಸಿನೊ ಹಡಗುಗಳ ದೀಪಗಳು ಒಂದೊಂದಾಗಿ ಹೊತ್ತಿಕೊಂಡು, ನದಿಯ ನೀರು ಕೆಂಪು, ನೇರಳೆ, ಹಳದಿಯಾಗಿ ಹೊರಳತೊಡಗಿತು. ಇದೇ ನಮ್ಮ ಮಹದಾಯಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಇಲ್ಲಿ ಮಾಂಡವಿ ಎನಿಸಿಕೊಳ್ಳುತ್ತಾಳೆ. ಅವಳ ನೀರಿಗಾಗಿ ನಮ್ಮ ಹುಬ್ಬಳ್ಳಿ–ಧಾರವಾಡ ಎಷ್ಟು ವರ್ಷಗಳಿಂದ ಕಾಯುತ್ತಿದೆ! ಆ ನೀರಿನ ಮೇಲೆ ನಿಂತ ಹಡಗುಗಳಿಗೆ ನಮ್ಮೂರಿನವರೇ ಹಣ ಹೊತ್ತು ಬರುತ್ತಾರೆ ಎಂದು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು.

ಕಾರವಾರದ ಕಡೆಯವಳಾದ ನೆಗೆಣ್ಣಿಗೆ ಕೊಂಕಣಿ ಬರುತ್ತದೆ. ಖಾಲಿ ಮೀನಿನ ಬುಟ್ಟಿ ಹಿಡಿದು ಮನೆಗೆ ಹೊರಟಿದ್ದ ಹೆಂಗಸಿನ ಜೊತೆ ಮಾತಿಗೆ ಇಳಿದಳು. ನೀವು ಯಾವತ್ತಾದರೂ ಆ ಹಡಗಿನೊಳಗೆ ಹೋಗಿದ್ದೀರಾ ಎಂದು ಕೇಳಿದಳು. ಆಕೆ ತಲೆ ಅಲ್ಲಾಡಿಸಿದರು: "ನಮ್ಮನ್ನು ಬಿಡುವುದಿಲ್ಲ. ಅದು ಇರುವುದು ನಿಮಗೆ." ನಿಜ. 1976ರ ಗೋವಾ ಸಾರ್ವಜನಿಕ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ದಾರಿಯಾಯಿತು. ಆದರೆ 2020ರ ಫೆಬ್ರುವರಿಯಿಂದ ಗೋವಾದವರು ಆಟದ ಸಭಾಂಗಣಕ್ಕೆ ಕಾಲಿಡುವಂತಿಲ್ಲ. ತನ್ನ ಜನರಿಗೆ ಬೇಡವೆಂದು ಒಂದು ರಾಜ್ಯ ಬಾಗಿಲು ಹಾಕಿದ ಜಾಗಕ್ಕೆ ನಾವು ನಾಳೆ ಹೋಗುತ್ತಿದ್ದೇವೆ ಎಂಬುದು ಆ ಫೆರಿಯಲ್ಲಿ ನಾಲ್ವರ ಮನಸ್ಸಿಗೂ ತಟ್ಟಿತು. ಮರಳುವಾಗ ಯಾರೂ ಹೆಚ್ಚು ಮಾತನಾಡಲಿಲ್ಲ.

ಎರಡನೆಯ ದಿನ: ಹಡಗು

ಬೆಳಿಗ್ಗೆ ಸೈಕಲ್ಲಿನ ಮೇಲೆ ಹಾರ್ನ್ ಒತ್ತುತ್ತ ಬಂದ ಬ್ರೆಡ್ಡಿನವನಿಂದ ಬಿಸಿ ಪೊಯಿ ಕೊಂಡೆವು. ಮೇಲೆ ತವುಡಿನ ಪುಡಿ, ಒಳಗೆ ಟೊಳ್ಳು, ಹಿಡಿದರೆ ಬೆಚ್ಚಗೆ. ಪಕ್ಕದ ಸಣ್ಣ ಹೋಟೆಲಿನಲ್ಲಿ ಅಳಸಂದೆಯ ತೊಣಾಕ್ ಜೊತೆ ಅದನ್ನು ಅದ್ದಿ ತಿಂದೆ. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯಕ್ಕೆ ಒಗ್ಗಿದ ನಾಲಿಗೆಗೆ ಅದು ದೂರದ ನೆಂಟರ ಮನೆಯ ಅಡುಗೆಯಂತಿತ್ತು. ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾದ ಮುಂದೆ ಹಬ್ಬದ ನೂಕುನುಗ್ಗಲು. ಘಟ್ಟದಲ್ಲಿ ಕಂಡ ಅಜ್ಜಿಯನ್ನು ಬಹಳ ಹುಡುಕಿದೆ, ಸಿಗಲಿಲ್ಲ. ಮಧ್ಯಾಹ್ನದ ಸೆಕೆಗೆ ಮೈಯೆಲ್ಲ ಅಂಟಂಟು. ಕೋಣೆಗೆ ಬಂದು ಎಲ್ಲರೂ ಎರಡು ತಾಸು ಮಲಗಿದೆವು. ದಣಿದ ತಲೆಯಲ್ಲಿ ಲೆಕ್ಕ ನಿಲ್ಲುವುದಿಲ್ಲ ಎಂದು ಪರೀಕ್ಷೆಯ ಮುಂಚೆ ಮಕ್ಕಳಿಗೆ ಹೇಳುವುದನ್ನೇ ಇವರಿಗೂ ಹೇಳಿದ್ದೆ. ಹಡಗಿನಲ್ಲಿ ಮದ್ಯ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಆಟ ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲ ಎಂದು ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದರು.

ಏಳಕ್ಕೆ ಲಕೋಟೆ ಹಂಚಿದೆ. ಕಾರ್ಡುಗಳನ್ನು ಕಪಾಟಿಗೆ ಹಾಕಿ ಬೀಗ ಹಾಕುವಾಗ ನೆಗೆಣ್ಣಿ, "ಅಕ್ಕ, ಮೊಬೈಲು?" ಎಂದಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಕಾರ್ಡು ಕೋಣೆಯಲ್ಲಿ ಬಿಟ್ಟು, ಇಡೀ ಬ್ಯಾಂಕ್ ಖಾತೆಯನ್ನು ಯುಪಿಐ ರೂಪದಲ್ಲಿ ಜೇಬಿನಲ್ಲಿ ಹೊತ್ತೊಯ್ಯುತ್ತಿದ್ದೆವು. 21 ವರ್ಷ ತುಂಬಿದ್ದನ್ನು ತೋರಿಸುವ ಗುರುತಿನ ಚೀಟಿಗಳು ಕಾಗದದ ರೂಪದಲ್ಲಿ ಜೊತೆಗಿದ್ದುದರಿಂದ ಮೂರು ಮೊಬೈಲುಗಳನ್ನು ಕೋಣೆಯಲ್ಲೇ ಇಟ್ಟು, ನನ್ನದೊಂದನ್ನು ಮಾತ್ರ ಬ್ಯಾಂಕಿನ ಆ್ಯಪ್ ತೆಗೆದು ಒಯ್ದೆವು.

ಜೆಟ್ಟಿಯಿಂದ ಸಣ್ಣ ದೋಣಿ. ದೋಣಿಗೆ ಹಗ್ಗ ಕಟ್ಟುವ ಹುಡುಗ ನಮ್ಮ ಮಾತು ಕೇಳಿ, "ಅಕ್ಕಾ, ಯಾವ ಊರು?" ಎಂದ. ಗದಗದ ಕಡೆಯವನು. ತಿಂಗಳ ಸಂಬಳದಲ್ಲಿ ಮನೆಗೆ ಕಳಿಸಿ ಉಳಿಸುವುದನ್ನು ಎರಡೇ ಮಾತಿನಲ್ಲಿ ಹೇಳಿದ. "ಈ ದೋಣಿಯಲ್ಲಿ ಹೋಗುವಾಗ ಎಲ್ಲರೂ ಮಾತನಾಡುತ್ತಾರೆ ಅಕ್ಕಾ, ಬರುವಾಗ ಎಂಜಿನ್ನಿನ ಸದ್ದು ಮಾತ್ರ" ಎಂದ.

ಒಳಗೆ ಪ್ರವೇಶಕ್ಕೆ ತಲೆಗೆ 3,000. ಊಟ, ಸಂಗೀತ ಅದರಲ್ಲೇ. ಹಣದ ಬದಲು ಪಣಕ್ಕೆ ಇಡುವ ಬಿಲ್ಲೆ, ಅಂದರೆ ಚಿಪ್, ಕೊಡುವ ಕೌಂಟರಿನ ಮುಂದೆ ನಾನು ಮೊದಲು ತೆರಿಗೆಯ ವಿಷಯ ಕೇಳಿದೆ. ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ಅದೂ ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ. ಆಡದೆ ಉಳಿದ ಚಿಪ್ಪು ಮರಳಿಸಿದರೂ ಆ ತೆರಿಗೆಯ ಲೆಕ್ಕ ಕಡಿಮೆಯಾಗುವುದಿಲ್ಲ. ಹೀಗಾಗಿ ಐದು ಸಾವಿರಕ್ಕೂ ಒಮ್ಮೆಗೇ ಚಿಪ್ ಕೊಳ್ಳದೆ, ಎರಡು ಸಾವಿರದಿಂದ ಶುರು ಮಾಡಲು ಎಲ್ಲರಿಗೂ ಹೇಳಿದೆ. ಗೆದ್ದರೂ ಆ ಗೆಲುವಿಗೆ ಆದಾಯ ತೆರಿಗೆ ನೇರವಾಗಿ ಶೇಕಡಾ 30. ಬೇರೆ ರಾತ್ರಿಯ ಸೋಲನ್ನು ಅದರಿಂದ ಕಳೆಯಲು ಕಾನೂನು ಬಿಡುವುದಿಲ್ಲ. "60,000 ತರುವುದು" ಎಂದು ಬರೆದಾಗ ಇದ್ಯಾವುದೂ ಮೈದುನನ ಲೆಕ್ಕದಲ್ಲಿ ಇರಲಿಲ್ಲ.

ಸಭಾಂಗಣದಲ್ಲಿ ಕಿಟಕಿ ಇಲ್ಲ, ಗೋಡೆ ಗಡಿಯಾರ ಇಲ್ಲ. ಕೈಗಡಿಯಾರ ಕಟ್ಟಿಕೊಂಡು ಹೋಗಿದ್ದು ಒಳ್ಳೆಯದಾಯಿತು. ನಾನು ಕುಳಿತ ರೂಲೆಟ್ ಮೇಜಿನಲ್ಲಿ ಕನಿಷ್ಠ ಪಣ 200. ತಾಸಿಗೆ ನಲವತ್ತು ಸುತ್ತಿನಂತೆ ಮೂರು ತಾಸು ಆಡಿದರೆ 24,000 ರೂಪಾಯಿ ಮೇಜಿನ ಮೇಲೆ ಓಡಾಡುತ್ತದೆ. ನೂರಕ್ಕೆ ಎರಡು ಎಪ್ಪತ್ತರಂತೆ ಸರಾಸರಿ ನಷ್ಟ ಸುಮಾರು 650. ಆದರೆ ಸರಾಸರಿ ಯಾವ ಒಂದು ರಾತ್ರಿಗೂ ಮಾತು ಕೊಡುವುದಿಲ್ಲ. ಎರಡು ಸಾವಿರ ಆಚೆ, ಎರಡು ಸಾವಿರ ಈಚೆ ಸರಿಯುವುದು ತೀರ ಸಾಮಾನ್ಯ. ಅದಕ್ಕಾಗಿಯೇ 650 ಕಳೆಯುವ ಆಟಕ್ಕೆ 5,000 ಇಟ್ಟುಕೊಂಡದ್ದು. ಮೇಜಿನ ಪಕ್ಕದ ಫಲಕದಲ್ಲಿ ಹಿಂದಿನ ಸಂಖ್ಯೆಗಳು ಹೊಳೆಯುತ್ತಿದ್ದವು. ಒಂದರ ಹಿಂದೊಂದು ಐದು ಕೆಂಪು ಬಂದಾಗ ಸುತ್ತಲಿದ್ದವರು ಕಪ್ಪಿನ ಮೇಲೆ ಚಿಪ್ಪಿನ ಗೋಪುರ ಕಟ್ಟಿದರು. ಆರನೆಯದೂ ಕೆಂಪು. ಚೆಂಡಿಗೆ ಹಿಂದಿನ ಸುತ್ತು ನೆನಪಿರುವುದಿಲ್ಲ. ಆ ಫಲಕ ನಿಜವನ್ನೇ ತೋರಿಸುತ್ತದೆ, ಆದರೆ ಮುಂದಿನ ಸುತ್ತಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಅದನ್ನು ಅಲ್ಲಿ ಇಟ್ಟಿರುವುದು ನನಗೆ ತಪ್ಪೆನಿಸುತ್ತದೆ.

ನಮ್ಮ ಮನೆಯವರು ಅಂದರ್–ಬಾಹರ್ ಎಂಬ ಇಸ್ಪೀಟಾಟದ ಮೇಜು ಹಿಡಿದರು. ನಮ್ಮ ಕಡೆಯ ಪತ್ರಿಕೆಗಳಲ್ಲಿ ಪೊಲೀಸ್ ದಾಳಿಯ ಸುದ್ದಿಯಲ್ಲಿ ಬರುವ ಅದೇ ಆಟ. ಇಲ್ಲಿ ಹಸಿರು ಬಟ್ಟೆಯ ಮೇಲೆ, ಕೋಟು ತೊಟ್ಟವರ ಕೈಯಿಂದ. ಹತ್ತು ಗಂಟೆಗೆ ಅವರ ಲಕೋಟೆ ಖಾಲಿ. ಎದ್ದು ಬಂದು ಊಟಕ್ಕೆ ಕುಳಿತರು. ನೆಗೆಣ್ಣಿ ಎರಡು ಸಾವಿರಕ್ಕೆ ಚಿಪ್ ಕೊಂಡು, ಗಂಡ ಹೋದ ವರ್ಷ ಕುಳಿತ ಮೇಜು ಯಾವುದೆಂದು ಅವನಿಂದಲೇ ಕೇಳಿ ತಿಳಿದು, ಅಲ್ಲಿಯೇ ನಿಧಾನವಾಗಿ ಆಡಿದಳು. ಐನೂರು ಉಳಿದಾಗ ನಿಲ್ಲಿಸಿ ಕೈಕಟ್ಟಿ ನಿಂತಳು.

ಮೈದುನ ಗೆಲ್ಲುತ್ತಿದ್ದ. ಒಂಬತ್ತೂವರೆಗೆ ಅವನ ಮುಂದೆ 16,000 ರೂಪಾಯಿಯ ಚಿಪ್ಪುಗಳಿದ್ದವು. ನಾನು ಹತ್ತಿರ ಹೋದಾಗ ಅವನ ಕಣ್ಣಲ್ಲಿ ಕಂಡದ್ದನ್ನು ಮರೆಯಲಾರೆ. ಹೊಡೆದು ಹಾಕಿದ ಆ ಸಾಲು ಮರಳಿ ಬಂದಿತ್ತು. "ವೈನಿ, ಇನ್ನು ಮೂರು ಸಲ ಹೀಗೆ ಆದರೆ ಪಾಟ್ಲಿ ಮನೆಗೆ ಬರುತ್ತದೆ." ನನ್ನ ಪಟ್ಟಿಯ ದೊಡ್ಡ ಕೊರತೆ ಅಲ್ಲಿ ಬಯಲಾಯಿತು. ಸೋತರೆ ಏನು ಮಾಡಬೇಕೆಂದು ಒಂದೊಂದು ಸಾಲೂ ಬರೆದಿದ್ದೆವು, ಗೆದ್ದರೆ ಏನು ಮಾಡಬೇಕೆಂದು ಒಂದೇ ಒಂದು ಸಾಲೂ ಬರೆದಿರಲಿಲ್ಲ. ಬಂಡವಾಳ ದುಪ್ಪಟ್ಟಾದ ಕೂಡಲೇ ಅರ್ಧ ತೆಗೆದು ಜೇಬಿಗೆ ಹಾಕು ಎಂದು ಅವನೇ ಮನೆಯಲ್ಲಿ ಬರೆದಿದ್ದರೆ, ಆ ಹೊತ್ತಿನಲ್ಲಿ ಅವನನ್ನು ಹಿಡಿಯಲು ಅವನದೇ ಮಾತು ಇರುತ್ತಿತ್ತು. ಮೇಜಿನ ಬಳಿ ನಿಂತು ಬೇರೊಬ್ಬರು ಹೇಳಿದರೆ ಅದು ಬರೀ ಅಡ್ಡಿಯಾಗುತ್ತದೆ. ಕಾಲು ಚೆನ್ನಾಗಿದೆ ಎಂದು ಹೆಚ್ಚು ನಡೆಯುವುದರ ಬಗ್ಗೆ ಆ ಅಜ್ಜಿ ಹೇಳಿದ್ದು ಆಗ ನೆನಪಾಯಿತು. ಒಮ್ಮೆ ಹೇಳಿದೆ, ಅವನು ಕೇಳಲಿಲ್ಲ. ಪಣ 500ರಿಂದ 2,000ಕ್ಕೆ ಏರಿತು. ಹತ್ತೂವರೆಗೆ 9,000. ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ 4,500.

ಹನ್ನೊಂದಾದ ಕೂಡಲೇ ನೆಗೆಣ್ಣಿ ನನ್ನ ಕೈಗಡಿಯಾರವನ್ನು ಬಿಚ್ಚಿಸಿಕೊಂಡು ಅವನ ಮುಂದೆ, ಚಿಪ್ಪುಗಳ ಪಕ್ಕ ಇಟ್ಟಳು. ಏನೂ ಹೇಳಲಿಲ್ಲ. ಅವನು ಗಡಿಯಾರ ನೋಡಿದ, ಚಿಪ್ಪು ನೋಡಿದ, ಎದ್ದ. ಆ ಏಳುವಿಕೆಯ ಬೆಲೆ ನನಗೆ ಗೊತ್ತು. 16,000 ಕಂಡವನಿಗೆ 4,500 ಹಿಡಿದು ಏಳುವುದು, ಏನೂ ಗೆಲ್ಲದೆ ಏಳುವುದಕ್ಕಿಂತ ಕಷ್ಟ.

ದೋಣಿಯಲ್ಲಿ ಲೆಕ್ಕ ಮಾಡಿದೆ. ನನ್ನ ಬಳಿ 2,500, ನಮ್ಮ ಮನೆಯವರದು ಸೊನ್ನೆ, ನೆಗೆಣ್ಣಿಯದು ಆಡದ ಮೂರು ಸಾವಿರ ಸೇರಿ 3,500, ಮೈದುನನದು 4,500. ಒಯ್ದ 20,000ದಲ್ಲಿ 9,500 ಹೋಗಿತ್ತು, ಪ್ರವೇಶಕ್ಕೆ 12,000 ಬೇರೆ. ಒಂದು ರಾತ್ರಿಗೆ ಇದು ನಮ್ಮಂಥವರಿಗೆ ದುಬಾರಿ. ಆಟದಲ್ಲಿ ಹೋದದ್ದು ಬರೆದ ಮೊತ್ತದ ಒಳಗೇ ಇದೆ ಎಂಬ ಸಮಾಧಾನ ಇತ್ತು, ಆದರೆ ಇನ್ನೊಮ್ಮೆ ಹೋಗುತ್ತೀಯಾ ಎಂದರೆ ನಾನು ಹೋಗುವುದಿಲ್ಲ. ಗದಗದ ಹುಡುಗ ಹಗ್ಗ ಬಿಚ್ಚುತ್ತ ನಮ್ಮತ್ತ ನೋಡಿದ. ಎಂಜಿನ್ನಿನ ಸದ್ದಿನ ಮೇಲೆ ನೆಗೆಣ್ಣಿ ಅವನ ಊರು, ಅವನ ತಾಯಿಯ ಬಗ್ಗೆ ಕೇಳತೊಡಗಿದಳು. ದಡ ಬರುವವರೆಗೆ ಮಾತು ನಿಲ್ಲಲಿಲ್ಲ.

ಮೂರನೆಯ ದಿನ: ಚೋರ್ಲಾ ದಾಟಿ

ಮರಳುವಾಗ ಚೋರ್ಲಾ ಘಟ್ಟ ಹಿಡಿದೆವು. ರಸ್ತೆ ಅಲ್ಲಲ್ಲಿ ಕಿತ್ತು ಹೋಗಿದ್ದರಿಂದ ನಿಧಾನ, ಆದರೆ ಆ ಹಸಿರು ಕಣಿವೆ ನೋಡಲು ನಿಧಾನವೇ ಒಳ್ಳೆಯದು. ಮೇಲೆ ಬರುತ್ತಿದ್ದಂತೆ ಸೆಕೆ ಇಳಿದು ತಂಪು ಗಾಳಿ ಬೀಸಿತು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗದಲ್ಲಿ ಇಳಿದು ಮುಖ ತೊಳೆದೆವು. ನೀರು ಎಷ್ಟು ತಣ್ಣಗಿತ್ತೆಂದರೆ ರಾತ್ರಿಯ ದೀಪಗಳೆಲ್ಲ ಕಣ್ಣಿನಿಂದ ತೊಳೆದು ಹೋದಂತಾಯಿತು.

ಜಾಂಬೋಟಿಯ ಚಹಾ ಅಂಗಡಿಯಲ್ಲಿ ಮೈದುನ ತಾನಾಗಿಯೇ ನೋಟ್‌ಬುಕ್ ಕೇಳಿದ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿದ್ದ 3,000ದಲ್ಲಿ ಚಹಾಕ್ಕೆ ಕೊಡುತ್ತಿದ್ದೆ. ಅವನು ಹೊಸ ಪುಟ ತೆರೆದು, ಅಡವಿನ ಸಾಲ, ಇಲ್ಲಿಯವರೆಗಿನ ಬಡ್ಡಿ, ತಿಂಗಳಿಗೆ 5,000 ಎಂದು ಬರೆದು ಕಂತು ಎಣಿಸಿದ. ಹದಿನೈದು ತಿಂಗಳು. ನನಗೆ ತೋರಿಸಿ ಸರಿಯೇ ಎಂದು ಕೇಳಿದ. ಸರಿಯಿತ್ತು. "2027ರ ಯುಗಾದಿಗೆ ಪಾಟ್ಲಿ ಮನೆಯಲ್ಲಿ" ಎಂದು ಹೆಂಡತಿಯ ಮುಂದೆ ಪುಟ ಹಿಡಿದ.

ಅವಳು ಓದಿ, ಪೆನ್ನು ತೆಗೆದುಕೊಂಡು, 5,000ವನ್ನು ಹೊಡೆದು 4,000 ಮಾಡಿದಳು. "ಜೂನಿನಲ್ಲಿ ಮಗಳ ಶಾಲೆಯ ಶುಲ್ಕ ಬರುತ್ತದೆ. ಐದು ಆಗುವುದಿಲ್ಲ."

ಅವನು ಮತ್ತೆ ಎಣಿಸಿದ. ಹತ್ತೊಂಬತ್ತು ತಿಂಗಳು. "ಹಾಗಾದರೆ ಯುಗಾದಿಗೆ ಆಗುವುದಿಲ್ಲ, ಪಂಚಮಿಯ ಹೊತ್ತಿಗೆ ಬರುತ್ತದೆ" ಎಂದ.

"ಪಂಚಮಿಗೇ ಬರಲಿ. ತವರಿಗೆ ಹಾಕಿಕೊಂಡು ಹೋಗುತ್ತೇನೆ" ಎಂದು ಪುಟ ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಚಹಾ ಆರಿತ್ತು. ನಮ್ಮ ಮನೆಯವರು ಇನ್ನೊಂದು ಸುತ್ತು ಹೇಳಿದರು.